ಒಂದೇ ಪ್ಯಾರಾಚೂಟ್, ಎರಡು ಪಾಲಿಸಿ

ಆರೋಗ್ಯ ವಿಮೆಯ ಪಾಲಿಸಿ ಪುಸ್ತಿಕೆಯನ್ನು ಕೊನೆಯವರೆಗೆ ಓದಿದವರು ನಮ್ಮಲ್ಲಿ ಕಡಿಮೆ. ನನ್ನ ಕೆಲಸ ಎಂಥದೆಂದರೆ, ಓದದೆ ವಿಧಿಯಿರಲಿಲ್ಲ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ ‘ಎಕ್ಸ್‌ಕ್ಲೂಷನ್ 09’ ಅಂತ ಒಂದು ಕಲಮು ಇದೆ. ಎಲ್ಲ ಕಂಪನಿಗಳಲ್ಲೂ ಒಂದೇ ಒಕ್ಕಣೆ ಇರಲಿ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿದ್ದು ಅದು. ಅಪಾಯದ ಅಥವಾ ಸಾಹಸದ ಕ್ರೀಡೆಯಲ್ಲಿ ವೃತ್ತಿಪರರಾಗಿ ತೊಡಗಿ ಪೆಟ್ಟು ಮಾಡಿಕೊಂಡರೆ ಚಿಕಿತ್ಸೆಯ ಖರ್ಚು ಸಿಗದು ಎನ್ನುವುದು ಅದರ ತಾತ್ಪರ್ಯ. ಬಂಡೆ ಹತ್ತುವವರು, ರಾಫ್ಟಿಂಗ್‌ನವರು, ಕುದುರೆ ರೇಸಿನವರು ಎಲ್ಲರೂ ಅಲ್ಲಿದ್ದಾರೆ. ನಮ್ಮನ್ನಂತೂ ‘ಪ್ಯಾರಾ ಜಂಪಿಂಗ್’ ಅಂತ ಒಮ್ಮೆ, ‘ಸ್ಕೈ ಡೈವಿಂಗ್’ ಅಂತ ಇನ್ನೊಮ್ಮೆ, ಎರಡು ಸಲ ನೆನೆಸಿಕೊಂಡಿದ್ದಾರೆ.

ಈ ಕಲಮಿನ ಜೀವ ಇರುವುದು ‘ವೃತ್ತಿಪರರಾಗಿ’ ಎಂಬಲ್ಲಿ. ಅದು ಅರ್ಥವಾಗಲು ಟ್ಯಾಂಡೆಮ್ ಜಂಪ್ ಎಂದರೇನೆಂದು ಹೇಳಬೇಕು. ಜೀವನದಲ್ಲಿ ಒಮ್ಮೆ ಹಾರಿ ನೋಡೋಣ ಎಂದು ಬಂದವರ ಹಾರ್ನೆಸ್ಸನ್ನು ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು ಕೊಂಡಿ ಹಾಕಿ ನನ್ನ ಎದೆಗೆ ಬಿಗಿದುಕೊಳ್ಳುತ್ತೇನೆ. ವಿಮಾನದ ಬಾಗಿಲು ಬಿಟ್ಟ ಮೇಲೆ ಇಬ್ಬರಿಗೂ ಒಂದೇ ಪ್ಯಾರಾಚೂಟ್, ಒಂದೇ ರಿಸರ್ವ್. ಇಳಿಯುವಾಗ ಏನೋ ಹೆಚ್ಚುಕಡಿಮೆಯಾಗಿ ಇಬ್ಬರಿಗೂ ಕಾಲು ಉಳುಕಿತು ಎನ್ನಿ. ಅವರು ವೃತ್ತಿಪರರಲ್ಲ, ಹಾಗಾಗಿ ಈ ಕಲಮು ಅವರ ಕ್ಲೇಮಿಗೆ ಅಡ್ಡ ಬರುವುದಿಲ್ಲ. ನಾನು ವೃತ್ತಿಪರ, ನನಗೆ ಬರುತ್ತದೆ. ನೆಲ ಒಂದೇ, ಕ್ಷಣ ಒಂದೇ, ಕೆಲವೊಮ್ಮೆ ಆಸ್ಪತ್ರೆಯೂ ಒಂದೇ.

ಕಟ್ಟುಕತೆಯಲ್ಲ ಇದು. ವಾಯುಪಡೆಯಲ್ಲಿ ಪ್ಯಾರಾ ಜಂಪ್ ಇನ್‌ಸ್ಟ್ರಕ್ಟರ್ ಆಗಿದ್ದು, ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಹುಡುಗರಿಗೆ ಹಾರುವುದನ್ನು ಕಲಿಸಿ, ಪಿಂಚಣಿ ಹಿಡಿದು ಹೊರಬಂದವನು ನಾನು. ಮನೆ ಗುರುಗ್ರಾಮದಲ್ಲಿ. ದುಡಿಮೆ ನಾರ್ನೌಲ್ ಹತ್ತಿರದ ಬಾಛೋದ್ ಏರ್‌ಸ್ಟ್ರಿಪ್‌ನಲ್ಲಿ. ನಾರ್ನೌಲ್ ಇರುವ ಮಹೇಂದ್ರಗಢ ಜಿಲ್ಲೆ 2013ರಿಂದ ರಾಷ್ಟ್ರ ರಾಜಧಾನಿ ಪ್ರದೇಶದ (ಎನ್‌ಸಿಆರ್) ಲೆಕ್ಕಕ್ಕೆ ಸೇರಿದೆ. ಸೇರಿದರೂ ಅಲ್ಲಿ ಕಾಣುವುದು ಅರಾವಳಿಯ ಬೋಳು ಗುಡ್ಡ, ಸಾಸಿವೆ ಹೊಲ. ಒಂದು ಏಪ್ರಿಲ್‌ನ ಮಧ್ಯಾಹ್ನ ನನ್ನ ಮುಂದೆ ಕಟ್ಟಿಕೊಂಡಿದ್ದವರು ನಲವತ್ತರ ಆಸುಪಾಸಿನ ಒಬ್ಬ ಬ್ಯಾಂಕ್ ಅಧಿಕಾರಿ. ನೆಲಕ್ಕೆ ಬರುವಾಗ ಕಾಲು ಎರಡೂ ಮುಂದಕ್ಕೆ ಎತ್ತಿ ಹಿಡಿದುಕೊಳ್ಳಬೇಕು, ಕೂತ ಭಂಗಿಯಲ್ಲೇ ಜಾರಿಕೊಂಡು ನಿಲ್ಲಬೇಕು ಎಂದು ಮೇಲೆ ಹೋಗುವ ಮುಂಚೆ ಅಭ್ಯಾಸ ಮಾಡಿಸಿರುತ್ತೇವೆ. ಮೇಲಿನಿಂದಲೂ ‘ಪೈರ್ ಊಪರ್, ಪೈರ್ ಊಪರ್’ ಎಂದು ಕೂಗುತ್ತಲೇ ಇದ್ದೆ. ನೆಲ ಹತ್ತಿರ ಬಂದಾಗ ಮನುಷ್ಯನ ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ಅವರದೂ ಇಳಿಯಿತು. ಅವರ ಹಿಮ್ಮಡಿ ಊರಿತು, ಇಬ್ಬರ ಭಾರವೂ ಓಲಾಡಿ ನನ್ನ ಬಲ ಮಂಡಿಯ ಮೇಲೆ ತಿರುಗಿತು. ಅವರ ಕಣಕಾಲಿನ ಮೂಳೆಯಲ್ಲಿ ಸೀಳು, ನನಗೆ ಮಂಡಿಯ ಒಳಗಿನ ಗಾದಿ ಹರಿದಿತ್ತು.

ಬಿಸಿಲಿಗೂ ಇದರಲ್ಲಿ ಪಾಲಿತ್ತು. ಬೇಸಿಗೆಯಲ್ಲಿ ಗಾಳಿ ಕಾದು ತೆಳುವಾಗುತ್ತದೆ. ಅದೇ ಪ್ಯಾರಾಚೂಟ್, ಅದೇ ಭಾರ, ಆದರೆ ಇಳಿಯುವ ವೇಗ ಚಳಿಗಾಲಕ್ಕಿಂತ ಹೆಚ್ಚು. ಕೊನೆಯಲ್ಲಿ ಬ್ರೇಕ್ ಎಳೆದಾಗ ಸಿಗುವ ಆಸರೆ ಕಡಿಮೆ.

ಅವರ ಆಸ್ಪತ್ರೆ ಬಿಲ್ಲನ್ನು ಅವರ ವಿಮೆಯವರು ಕಟ್ಟಿದರು. ಮಾಜಿ ಸೈನಿಕನಾದ್ದರಿಂದ ನನಗೆ ಇಸಿಎಚ್‌ಎಸ್ ಕಾರ್ಡ್ ಇತ್ತು, ಚಿಕಿತ್ಸೆ ಸಾಗಿತು. ಆದರೆ ಫಿಸಿಯೋಥೆರಪಿ ಮುಗಿಸಿ ಮತ್ತೆ ಹಾರ್ನೆಸ್ ಹಾಕುವಷ್ಟರಲ್ಲಿ ಆ ಸೀಸನ್ನಿನಲ್ಲಿ ಉಳಿದಿದ್ದ ದಿನಗಳೂ ಹೊರಟುಹೋಗಿದ್ದವು. ಆ ಗಳಿಕೆಯನ್ನು ತುಂಬಿಕೊಡುವ ಕಾರ್ಡು ಯಾವುದೂ ಇರಲಿಲ್ಲ. ಸೇನೆಯ ಹಿನ್ನೆಲೆ ಇಲ್ಲದ ನನ್ನ ಕಿರಿಯ ಸಹೋದ್ಯೋಗಿಯೊಬ್ಬನಿಗೆ ಆಮೇಲೊಂದು ವರ್ಷ ಭುಜ ಜಾರಿದಾಗ ಅದೂ ಇಲ್ಲ, ಇದೂ ಇಲ್ಲ. ಪ್ರೊಪೋಸಲ್ ಫಾರಂನಲ್ಲಿ ಉದ್ಯೋಗವನ್ನು ಅವನು ನಿಜವಾಗಿಯೇ ಬರೆದಿದ್ದ. ಕ್ಲೇಮು ಅದೇ ಕಲಮಿನ ಹೆಸರು ಹೊತ್ತು ವಾಪಸು ಬಂತು.

ಊರಿಗೆ ಹೋದರೆ ಚಿಕ್ಕಪ್ಪನಿಂದ ಹಿಡಿದು ಅಡಿಕೆ ಮಂಡಿಯ ಗುಮಾಸ್ತರವರೆಗೆ ಎಲ್ಲರದೂ ಒಂದೇ ಪ್ರಶ್ನೆ: “ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದರೆ ಏನ್ ಗತಿ ಮಾರಾಯ?” ವಿಮಾ ಏಜೆಂಟರದೂ ಅದೇ ಪ್ರಶ್ನೆ, ಅದಕ್ಕೆ ತಕ್ಕಂತೆ ಅವರು ತೋರಿಸುವುದು ಟರ್ಮ್ ಪಾಲಿಸಿ. ಸಾವು ಈ ಕಸುಬಿನಲ್ಲಿ ಇದೆ. ಆದರೆ ಎಷ್ಟಿದೆ ಎಂದು ನೋಡಬೇಕು. ಅತ್ಯಂತ ಹೆಚ್ಚು ಸ್ಕೈಡೈವಿಂಗ್ ನಡೆಯುವ ಅಮೆರಿಕದಲ್ಲಿ ಅಲ್ಲಿನ ಪ್ಯಾರಾಚೂಟ್ ಸಂಘ ವರ್ಷವರ್ಷವೂ ಲೆಕ್ಕ ಕೊಡುತ್ತದೆ. 2023ರಲ್ಲಿ ಅಂದಾಜು 36 ಲಕ್ಷಕ್ಕೂ ಮೇಲ್ಪಟ್ಟು ಜಂಪ್‌ಗಳಾದವು, ಸತ್ತವರು 10 ಮಂದಿ. ಟ್ಯಾಂಡೆಮ್‌ನಲ್ಲಿ ಅಪಾಯ ಅದಕ್ಕಿಂತಲೂ ಕಡಿಮೆ. ರಿಸರ್ವ್ ಪ್ಯಾರಾಚೂಟ್ ಇದೆ. ಇನ್‌ಸ್ಟ್ರಕ್ಟರ್‌ಗೆ ಎಚ್ಚರ ತಪ್ಪಿದರೂ ಗೊತ್ತಾದ ಎತ್ತರದಲ್ಲಿ ತಾನಾಗಿಯೇ ರಿಸರ್ವ್ ಬಿಚ್ಚುವ ಪುಟ್ಟ ಯಂತ್ರವೂ ಬೆನ್ನಚೀಲದೊಳಗಿದೆ. ಅದಕ್ಕೆ ನಾವು ಎಎಡಿ ಎನ್ನುತ್ತೇವೆ.

ನಮ್ಮನ್ನು ಸವೆಸುವುದು ಬೇರೆಯೇ. ಟ್ಯಾಂಡೆಮ್ ಚೀಲದ ತೂಕವೇ ಇಪ್ಪತ್ತು ಕಿಲೋ ದಾಟುತ್ತದೆ. ಅದನ್ನು ಹೊತ್ತು ವಿಮಾನ ಹತ್ತಿ, ಸಣ್ಣ ಜಾಗದಲ್ಲಿ ಮೊಣಕಾಲೂರಿ, ಎಂಬತ್ತು ತೊಂಬತ್ತು ಕಿಲೋದ ಅಪರಿಚಿತರನ್ನು ಎದೆಗೆ ಎಳೆದು ಬಿಗಿಯಬೇಕು. ಡ್ರೋಗ್ ಎಂಬ ಪುಟ್ಟ ಛತ್ರಿ ಹಿಂದೆ ತಡೆ ಕೊಟ್ಟರೂ ಬೀಳುವ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಪ್ಯಾರಾಚೂಟ್ ಬಿಚ್ಚಿದಾಗಿನ ಜಗ್ಗಾಟ ಕತ್ತಿಗೆ, ಇಳಿಯುವ ಕುಲುಕಾಟ ಸೊಂಟಕ್ಕೆ. ಶನಿವಾರ, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ನಮ್ಮ ಟೆಂಟಿನಲ್ಲಿ ಸಂಜೆ ಚಹಾದ ಜೊತೆ ಕೈಯಿಂದ ಕೈಗೆ ಹೋಗುವುದು ಬಿಸ್ಕತ್ತಲ್ಲ, ನೋವಿನ ಸ್ಪ್ರೇ.

ಹಾಗಾಗಿ ಈ ಕಸುಬಿನಲ್ಲಿ ದುಡ್ಡಿನ ಮೊದಲ ಪ್ರಶ್ನೆ ‘ಸತ್ತರೆ?’ ಅಲ್ಲ, ‘ಮೂರು ತಿಂಗಳು ಕುಂಟಿದರೆ?’ ಎಂಬುದು ನನ್ನ ವಾದ. ಟರ್ಮ್ ಪಾಲಿಸಿ ನನಗೂ ಇದೆ. ಏಜೆಂಟ್ ಹುಡುಗ ಉದ್ಯೋಗದ ಜಾಗದಲ್ಲಿ ‘ಸ್ಪೋರ್ಟ್ಸ್ ಟ್ರೈನರ್’ ಎಂದು ಬರೆಯಲು ಹೊರಟಿದ್ದ. “ಅಷ್ಟೇ ಸಾಕು ಅಂಕಲ್, ಪ್ರೀಮಿಯಂ ಕಮ್ಮಿ ಬರುತ್ತೆ” ಎಂದ. ನಾನು ಹೊಡೆದುಹಾಕಿಸಿ ಸ್ಕೈಡೈವಿಂಗ್ ಎಂದೇ ಬರೆಸಿದೆ. ಒಂದು ಕಂಪನಿ ಬೇಡವೆಂದಿತು, ಇನ್ನೊಂದು ಹೆಚ್ಚುವರಿ ಪ್ರೀಮಿಯಂ ಹಾಕಿ ಒಪ್ಪಿತು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ಕಳೆದ ಜೀವ ವಿಮೆ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂಬುದನ್ನು ನನಗೆ ಕಿವಿಯಲ್ಲಿ ಹೇಳಿದವರೂ ಇದ್ದಾರೆ. ಆ ಮೂರು ವರ್ಷದೊಳಗೇ ಏನಾದರೂ ಆದರೆ ವಿಮಾ ಕಂಪನಿಯ ಕಾಗದಗಳ ಎದುರು ಕೂರಬೇಕಾದವಳು ನನ್ನ ಹೆಂಡತಿ.

ಕಷ್ಟವಾದದ್ದು ಅಪಘಾತ ವಿಮೆ. ಅಂಗವೈಕಲ್ಯವಾದರೆ ಇಷ್ಟು, ಕೆಲಸ ಮಾಡಲಾಗದ ವಾರಕ್ಕೆ ಇಷ್ಟು ಎಂದು ಕೊಡುವಂಥದ್ದು. ನಮಗೆ ಬೇಕಾದದ್ದು ಅದೇ, ನಮಗೆ ಸಿಗದಿರುವುದೂ ಅದೇ. ಸಾಹಸ ಕ್ರೀಡೆಯ ರಕ್ಷಣೆ ಇದೆ ಎಂದು ಬರುವ ಪಾಲಿಸಿಗಳ ಷರತ್ತು ಬಿಡಿಸಿ ನೋಡಿದರೆ, ಅದು ಹವ್ಯಾಸಕ್ಕೆ ಹಾರುವವರಿಗೆ. ಕೊನೆಗೆ ವಿಮೆ ಮಾಡಬೇಕಾದ ಕೆಲಸವನ್ನು ನಾನೇ ಮಾಡಿಕೊಂಡೆ. ಪ್ರತಿ ಸೀಸನ್ನಿನ ಜಂಪ್ ಗಳಿಕೆಯಲ್ಲಿ ಹತ್ತರಲ್ಲೊಂದು ಭಾಗ ಮುಟ್ಟಬಾರದ ಎಫ್‌ಡಿಗೆ ಹೋಗುತ್ತದೆ. ಮನೆಯಲ್ಲಿ ಅದಕ್ಕೆ ‘ಮಂಡಿ ಎಫ್‌ಡಿ’ ಎಂದೇ ಹೆಸರು. ಆರು ತಿಂಗಳ ಮನೆಖರ್ಚಿನಷ್ಟಾಗುವವರೆಗೆ ಮ್ಯೂಚುವಲ್ ಫಂಡಿನ ಕಡೆ ನಾನು ತಲೆ ಹಾಕಲಿಲ್ಲ. ಬಡ್ಡಿ ಕಡಿಮೆ, ಹಣದುಬ್ಬರ ತಿಂದುಹಾಕುತ್ತದೆ ಎಂದು ಬುದ್ಧಿ ಹೇಳುವವರು ಹೇಳಲಿ. ನನಗೆ ಬೇಕಿದ್ದದ್ದು ಬೆಳೆಯುವ ದುಡ್ಡಲ್ಲ, ಸೋಮವಾರ ಬ್ಯಾಂಕಿಗೆ ಹೋದರೆ ಕೈಗೆ ಬರುವ ದುಡ್ಡು.

ಇನ್ನು ಗಳಿಕೆಯ ವಿಚಾರ. ನಾರ್ನೌಲ್‌ನಲ್ಲಿ ಒಂದು ಟ್ಯಾಂಡೆಮ್ ಜಂಪ್‌ಗೆ ಗ್ರಾಹಕರು ಕೊಡುವುದು ಇಪ್ಪತ್ತೈದು ಸಾವಿರದ ಆಸುಪಾಸು, ವಿಡಿಯೊಗೆ ಬೇರೆ. ಆ ಅಂಕಿ ಕೇಳಿದ ತಕ್ಷಣ ಜನ ನಮ್ಮ ಕಡೆ ನೋಡುವ ದೃಷ್ಟಿಯೇ ಬದಲಾಗುತ್ತದೆ. ಅದರಲ್ಲಿ ಜಿಎಸ್‌ಟಿ, ವಿಮಾನದ ತಾಸಿನ ಖರ್ಚು, ಇಂಧನ, ಪೈಲಟ್, ಪ್ಯಾರಾಚೂಟ್ ಮಡಚುವವರು, ಪರದೇಶದಿಂದ ತರಿಸಿದ ಸಾಮಾನು ಎಲ್ಲ ಕಳೆಯಬೇಕು. ಟ್ಯಾಂಡೆಮ್ ರಿಗ್, ಅಂದರೆ ಪ್ಯಾರಾಚೂಟ್ ಸಮೇತದ ಚೀಲ, ಒಂದಕ್ಕೆ ಹತ್ತು ಲಕ್ಷ ಸಾಲುವುದಿಲ್ಲ. ಎಎಡಿಗೆ ಆಯಸ್ಸು ಬರೆದೇ ಇರುತ್ತದೆ. ಒಮ್ಮೆಯೂ ಕೆಲಸ ಮಾಡುವ ಪ್ರಸಂಗ ಬರದಿದ್ದರೂ ಅವಧಿ ಮುಗಿದ ದಿನ ಲಕ್ಷ ರೂಪಾಯಿಯ ಯಂತ್ರ ಕಸ. ಇನ್‌ಸ್ಟ್ರಕ್ಟರ್‌ಗೆ ಉಳಿಯುವುದು ಸಣ್ಣ ಪಾಲು, ಅದೂ ಹಾರಿದರೆ ಮಾತ್ರ.

ಹಾರುವ ದಿನಗಳೆಷ್ಟು? ದೆಹಲಿ ಕಡೆಯ ಆಕಾಶ ಬಲ್ಲವರಿಗೆ ಹೇಳಬೇಕಾಗಿಲ್ಲ. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ ಮೋಡ. ನವೆಂಬರ್‌ನಲ್ಲಿ ಹೊಗೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು. ಮೇಲಿಂದ ನೋಡಿದರೆ ರನ್‌ವೇಯೇ ಇರುವುದಿಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಸುಮಾರಿಗೆ ದೆಹಲಿ ಪೊಲೀಸರ ಆದೇಶ ಹೊರಡುತ್ತದೆ. ಡ್ರೋನ್, ಪ್ಯಾರಾಗ್ಲೈಡರ್ ಜೊತೆಗೆ ವಿಮಾನದಿಂದ ಪ್ಯಾರಾ ಜಂಪಿಂಗ್ ಕೂಡ ಆ ನಿಷೇಧದ ಪಟ್ಟಿಯಲ್ಲಿರುತ್ತದೆ. ಮೇ ಜೂನ್‌ನಲ್ಲಿ ‘ಲೂ’ ಎಂಬ ಬಿಸಿಗಾಳಿ, ಸಂಜೆಗೆ ‘ಆಂಧಿ’ ಎಂಬ ದೂಳಿನ ಬಿರುಗಾಳಿ. ಉಳಿದದ್ದು ಅಕ್ಟೋಬರ್ ಒಂದು ತುಂಡು, ಫೆಬ್ರವರಿ, ಮಾರ್ಚ್, ಏಪ್ರಿಲ್ ಅರ್ಧ. ಅದರಲ್ಲೂ ಗಾಳಿಯ ವೇಗ ನೋಡಿ ‘ಹೋಲ್ಡ್’ ಎಂದರೆ ಚಾಪೆ ಮೇಲೆ ಮಲಗಿರಬೇಕು. ಕಾಯುವುದಕ್ಕೆ ಕೂಲಿ ಇಲ್ಲ.

ಪುಣ್ಯಕ್ಕೆ ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯಿಂದ ಬಂದವನು. ವರ್ಷಕ್ಕೊಮ್ಮೆ ಮಂಡಿಯಲ್ಲಿ ಎಣಿಸಿಕೊಂಡ ದುಡ್ಡಿನಲ್ಲಿ ಅಪ್ಪಯ್ಯ ಹನ್ನೆರಡು ತಿಂಗಳು ಸಂಸಾರ ನಡೆಸಿದ್ದನ್ನು ಕಂಡಿದ್ದೇನೆ, ನಾನೂ ಹಾಗೇ ಮಾಡುತ್ತೇನೆ. ಜಂಪ್ ದುಡ್ಡು ಬೀಳುವ ಖಾತೆ ಬೇರೆ, ಮನೆಖರ್ಚಿನ ಖಾತೆ ಬೇರೆ. ಹಿಂದಿನ ಎರಡು ಸೀಸನ್ನಿನಲ್ಲಿ ಯಾವುದು ಕಡಿಮೆಯೋ ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಮೊದಲ ತಾರೀಕು ಈ ಖಾತೆಗೆ ದಾಟಿಸುತ್ತೇನೆ. ಮಾರ್ಚ್‌ನಲ್ಲಿ ಕೈತುಂಬ ಬಂದರೂ ಅಷ್ಟೇ, ಆಗಸ್ಟ್‌ನಲ್ಲಿ ಸೊನ್ನೆಯಾದರೂ ಅಷ್ಟೇ. ಪಿಂಚಣಿ ಬಾಡಿಗೆ, ದಿನಸಿಗೆ ಸರಿಹೋಗುತ್ತದೆ. ನನ್ನ ಲೆಕ್ಕಾಚಾರ ಧೈರ್ಯದ್ದೇನಲ್ಲ, ಪಿಂಚಣಿ ಇರುವವನದ್ದು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ತೆರಿಗೆಯದು ಒಂದು ಕಿರಿಕಿರಿ. ತರಬೇತುದಾರರ ಶುಲ್ಕವೆಂದು ಹತ್ತು ಶೇಕಡ ಟಿಡಿಎಸ್ ಕತ್ತರಿಸಿ ಕೊಡುತ್ತಾರೆ. ಪಿಂಚಣಿಯ ಜೊತೆ ಕೂಡಿದಾಗ ಅಷ್ಟು ಸಾಕಾಗುವುದಿಲ್ಲ, ಮುಂಗಡ ತೆರಿಗೆ ಕಟ್ಟಬೇಕು. ಡಿಸೆಂಬರ್ 15ರ ಕಂತಿಗೆ ಮುಂದಿನ ಮೂರು ತಿಂಗಳ ಆಕಾಶ ಹೇಗಿರುತ್ತದೆಂದು ಅಂದಾಜು ಮಾಡಬೇಕು, ಹವಾಮಾನ ಇಲಾಖೆಯವರಿಗೂ ಕಷ್ಟದ ಕೆಲಸ ಅದು. ಹೆಲ್ಮೆಟ್, ಆಲ್ಟಿಮೀಟರ್, ಜಂಪ್ ಸೂಟಿನ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡುತ್ತೇನೆ, ಮಾರ್ಚ್‌ನಲ್ಲಿ ಸಿಎ ಅವರ ಮುಂದೆ ಸುರಿಯುತ್ತೇನೆ.

ಕಳೆದ ಚಳಿಗಾಲದಲ್ಲಿ ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ನಾಟಕಕ್ಕೆ ಹೋಗಿದ್ದಾಗ ಮೈಸೂರಿನ ಹುಡುಗನೊಬ್ಬ ಪರಿಚಯ ಮಾಡಿಕೊಂಡ. ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ. “ಸರ್, ರಾಜೀನಾಮೆ ಕೊಟ್ಟು ನಿಮ್ ಥರ ಟ್ಯಾಂಡೆಮ್ ಇನ್‌ಸ್ಟ್ರಕ್ಟರ್ ಆಗ್ಬೇಕು ಅಂತಿದೀನಿ. ಎಷ್ಟು ಖರ್ಚಾಗುತ್ತೆ?” ಎಂದ. ಕಾರ್ಯಕ್ರಮದ ಕರಪತ್ರದ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. ಅಮೆರಿಕದ ನಿಯಮದಂತೆ ಟ್ಯಾಂಡೆಮ್ ಇನ್‌ಸ್ಟ್ರಕ್ಟರ್‌ಗೆ ಕನಿಷ್ಠ ಮೂರು ವರ್ಷದ ಅನುಭವ, 500 ಫ್ರೀಫಾಲ್ ಜಂಪ್ ಬೇಕು. ನಮ್ಮ ಸೇನೆಯಲ್ಲಿ ಆ ಖರ್ಚು ಸರ್ಕಾರದ್ದು. ಹೊರಗಿನವರು ಸ್ಪೇನ್‌ಗೋ ಅಮೆರಿಕಕ್ಕೋ ಥಾಯ್ಲೆಂಡ್‌ಗೋ ಹೋಗಿ ಜಂಪ್ ಲೆಕ್ಕದಲ್ಲಿ ಟಿಕೆಟ್ ಕೊಳ್ಳುತ್ತಾರೆ. ಒಂದಕ್ಕೆ ಎರಡು ಸಾವಿರದ ಐನೂರು ರೂಪಾಯಿ ಹಿಡಿದರೂ ಐನೂರಕ್ಕೆ ಹನ್ನೆರಡೂವರೆ ಲಕ್ಷ. ವಿಮಾನ, ವಸತಿ, ಸ್ವಂತ ರಿಗ್, ಕೋರ್ಸಿನ ಶುಲ್ಕ ಸೇರಿದರೆ ಅದರ ದುಪ್ಪಟ್ಟಿಗೆ ನಿಲ್ಲುವುದಿಲ್ಲ. ಅಷ್ಟೊತ್ತಿಗೆ ಬಿಟ್ಟ ಸಂಬಳವನ್ನು ಅವನೇ ಕೂಡಿಸಿಕೊಂಡ. “ಕೆಲ್ಸ ಬಿಡದೆ ವರ್ಷಕ್ಕೆ ಎರಡು ಸಲ ಹೋಗಿ ಹಾರಿದ್ರೆ?” ಎಂದು ಕೇಳಿದ. ಅದೇ ಮಾಡು ಮಗ ಎಂದೆ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇರುವಷ್ಟು ದಿನ, ಹವ್ಯಾಸಿಯಾಗಿ ಇರುವಷ್ಟು ದಿನ, ಆ ಒಂಬತ್ತನೇ ಕಲಮು ಅವನನ್ನು ಹಿಡಿಯುವುದಿಲ್ಲ.

ನಾನು ಐವತ್ತರ ಹೊಸಿಲಲ್ಲಿದ್ದೇನೆ. ಮಂಡಿ ಇನ್ನು ಎಷ್ಟು ಸೀಸನ್ ಕೊಡುತ್ತದೆಂದು ಮೂಳೆ ಡಾಕ್ಟರರನ್ನು ಕೇಳಿದರೆ ಅವರು ನನ್ನ ತೂಕ ಕೇಳುತ್ತಾರೆ. ಈ ಕಸುಬಿನಲ್ಲೇ ನೆಲದ ಮೇಲಿನ ಕೆಲಸವೊಂದಿದೆ, ರಿಗ್ಗರ್‌ನದು. ರಿಸರ್ವ್ ಪ್ಯಾರಾಚೂಟನ್ನು ಅವಧಿಗೊಮ್ಮೆ ಬಿಚ್ಚಿ, ಹೊಲಿಗೆ, ಹಗ್ಗ, ಬಟ್ಟೆ ಇಂಚಿಂಚು ನೋಡಿ, ಮತ್ತೆ ಮಡಚಿ, ಸೀಲ್ ಒತ್ತಿ, ಕಾರ್ಡಿನಲ್ಲಿ ತನ್ನ ಸಹಿ ಹಾಕುವವನು ಅವನೇ. ನಮ್ಮ ದೇಶದಲ್ಲಿ ಅಂಥವರು ಬೆರಳೆಣಿಕೆ. ಅದರ ತರಬೇತಿಗೆಂದು ಎರಡು ವರ್ಷದಿಂದ ಆರ್‌ಡಿ ಕಟ್ಟುತ್ತಿದ್ದೇನೆ, ಅದು ಈ ಜೂನ್‌ಗೆ ಕೈಗೆ ಬರುತ್ತದೆ. ಕೈಗಾರಿಕಾ ಹೊಲಿಗೆ ಯಂತ್ರದ ಬೆಲೆ ಕೇಳಿಕೊಂಡು ಬಂದ ದಿನ ಹೆಂಡತಿ, “ಸದ್ಯ, ಇದಕ್ಕಾದ್ರೂ ವಿಮೆಯವರು ತಕರಾರು ಮಾಡಲ್ಲ ಅಲ್ವಾ?” ಎಂದಳು. ಉದ್ಯೋಗದ ಕಾಲಂನಲ್ಲಿ ಏನು ಬರೆಯಬೇಕೆಂದು ಏಜೆಂಟ್ ಹುಡುಗನಿಗೆ ಫೋನ್ ಮಾಡಿ ಕೇಳಿದ್ದೇನೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾನೆ.