ಬೆಸುಗೆ ಕರಗಬೇಕಾದ್ದು ಎಲ್ಲಿ?

ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು ತರುವ ಎಲ್‌ಇಡಿ ಮಾದರಿಗಳು ಅನೇಕ ಸಲ ಕೈಕೊಡುವುದು ಸರ್ಕ್ಯೂಟ್ ತಪ್ಪಿದ್ದಕ್ಕಲ್ಲ, ಬೆಸುಗೆ ಸರಿಯಾಗಿ ಕೂರದ್ದಕ್ಕೆ. ರಾತ್ರಿ ಮನೆಯಲ್ಲಿ ಉರಿದ ದೀಪ ಬೆಳಿಗ್ಗೆ ತೀರ್ಪುಗಾರರ ಎದುರು ಉರಿಯೋದಿಲ್ಲ. ತಂತಿ ಅಲ್ಲಾಡಿಸಿದರೆ ಮಿಣುಕುತ್ತೆ. ಬಿಚ್ಚಿ ನೋಡಿ: ಐರನ್ನಿನ ಮೂತಿಯಲ್ಲಿ ಸೋಲ್ಡರ್ ಕರಗಿಸಿ ತಂದು, ಬಣ್ಣ ಬಳಿದ ಹಾಗೆ ತಂತಿಗೆ ಮೆತ್ತಿರುತ್ತಾರೆ.

ಇದು ಯಾಕೆ ನಿಲ್ಲೋದಿಲ್ಲ? ಕರ್ನಾಟಕದ 10ನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠ, ಸೋಲ್ಡರ್ ಎಂದರೆ ಸೀಸ–ತವರದ ಮಿಶ್ರಲೋಹ, ಬೇಗ ಕರಗುತ್ತದೆ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆ ಸಾಲನ್ನು ಇಲ್ಲಿ ಬಿಡಿಸಬಹುದು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. 63 ಭಾಗ ತವರಕ್ಕೆ 37 ಭಾಗ ಸೀಸ ಸೇರಿದರೆ 183ರಲ್ಲೇ ಕರಗುತ್ತದೆ! ಕಾದ ಮೂತಿ 300 ದಾಟಿರುತ್ತೆ, ಅಲ್ಲಿ ಕರಗೋದು ದೊಡ್ಡದಲ್ಲ. ಆದರೆ ತಂತಿ ತಣ್ಣಗಿದ್ದರೆ, ಕರಗಿದ್ದು ಮುಟ್ಟಿದ ಕೂಡಲೇ ಗಟ್ಟಿಯಾಗಿ, ಕೆಸುವಿನ ಎಲೆ ಮೇಲಿನ ಹನಿಯಂತೆ ಗುಂಡಗೆ ನಿಲ್ಲುತ್ತೆ. ಸೋಲ್ಡರ್ ತಂತಿಯ ಒಳಗಿರುವ ರಾಳ ತಾಮ್ರದ ಮೇಲಿನ ಆಕ್ಸೈಡನ್ನು ತೆಗೆಯಲಿಕ್ಕೆಂದೇ ಇರೋದು. ಅದೂ ಮೂತಿಯಲ್ಲೇ ಸುಟ್ಟುಹೋಗಿರುತ್ತದೆ.

ಕಲಾಯಿಯವರಿಗೆ ಇದು ಗೊತ್ತಿತ್ತು. ಮೊದಲು ಪಾತ್ರೆಯನ್ನೇ ಕಾಯಿಸಿ, ನವಸಾಗರ ಉದುರಿಸಿ ಉಜ್ಜಿ, ಆಮೇಲೆ ತವರ ಮುಟ್ಟಿಸುತ್ತಿದ್ದರು. ತವರ ಕರಗುತ್ತಿದ್ದದ್ದು ಪಾತ್ರೆಯ ಬಿಸಿಗೆ. ಇಂದಿನ ಮಕ್ಕಳು ನೋಡಿರಲಿಕ್ಕಿಲ್ಲ, ಅಜ್ಜಿಯನ್ನು ಕೇಳಿಕೊಂಡು ಬರಲಿ.

ನಮಗೂ ಅದೇ ಕ್ರಮ. 25 ವ್ಯಾಟ್ ಐರನ್ ಸಾಕು. ತಂತಿಯ ತುದಿಯನ್ನು ಉಜ್ಜಿ ಹೊಳಪು ಬರಿಸಿ. ಮೂತಿಯನ್ನು ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡ್ ಬಿಟ್ಟು, ಎದುರು ಕಡೆಯಿಂದ ಸೋಲ್ಡರ್ ತಂತಿಯನ್ನು ಜೋಡಣೆಗೆ ಮುಟ್ಟಿಸಿ, ಮೂತಿಗಲ್ಲ. ತಾನಾಗೇ ಹರಿದು ಸುತ್ತಿಕೊಳ್ಳುತ್ತೆ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಊದಬೇಡಿ, ಅಲ್ಲಾಡಿಸಬೇಡಿ. ಹಾಗಂತ ತುಂಬಾ ಹೊತ್ತು ಒತ್ತಿ ಹಿಡಿದರೆ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬರುತ್ತೆ.

ಸೀಸದ ವಿಷಯಕ್ಕೆ ಬಂದರೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಅನ್ನೂರು ಕಡೆಯ ಮಕ್ಕಳಿಗೆ ಒಂದು ಗೊಂದಲ ಬರಬಹುದು. ತಮಿಳಿನಲ್ಲಿ ಸೀಸಕ್ಕೆ ‘ಈಯಂ’ ಅಂತಾರೆ. ರಸ ಮಾಡುವ ‘ಈಯಚ್ಚೊಂಬು’ ಮಾತ್ರ ತವರದ್ದು. “ಚೊಂಬಿನ ರಸ ಕುಡೀತೀವಲ್ಲ ಸಾರ್, ಇದೇನು ಮಾಡುತ್ತೆ?” ಅಂದರೆ ಎರಡನ್ನೂ ಬೇರೆ ಮಾಡಿ ಹೇಳಬೇಕು. ಮಕ್ಕಳ ಮಿದುಳಿಗೆ ಸೀಸ ಅಲ್ಪ ಪ್ರಮಾಣದಲ್ಲೂ ಕೆಟ್ಟದ್ದು.

ಎಲ್ಲರೂ ಹೆದರೋದು ಹೊಗೆಗೆ. ಆದರೆ ಕಣ್ಣಿಗೆ ಕಾಣುವ ಹೊಗೆ ರಾಳದ್ದು. ಉಬ್ಬಸ ಇರುವವರಿಗೆ ಆಗೋದಿಲ್ಲ, ಆದ್ದರಿಂದ ಕಿಟಕಿ ಪಕ್ಕ ಕೂರಿಸಿ. ಸೀಸ ಮುಖ್ಯವಾಗಿ ಒಳಹೋಗುವುದು ಕೈಯಿಂದ ಬಾಯಿಗೆ. ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಚಾಳಿ ಮೊದಲು ಬಿಡಿಸಿ. ಕೈಯಲ್ಲಿ ಕಲಸಿ ಉಣ್ಣುವವರು ನಾವು. ಈ ಕೆಲಸ ಊಟದ ಗಂಟೆಗೆ ಮುಂಚಿನ ಪೀರಿಯಡ್‌ನಲ್ಲಿದ್ದರೆ ಸೋಪು ಹಾಕಿ ತೊಳೆಯಲು ಹತ್ತು ನಿಮಿಷ ಬಿಡಿ.

ಚಿಕ್ಕ ತರಗತಿಗಳಿಗೆ ನಾನು ಹೇಳೋದು ಸೀಸವಿಲ್ಲದ ತವರ–ತಾಮ್ರದ ಸೋಲ್ಡರ್. 227ರ ಸುಮಾರಿಗೆ ಕರಗುತ್ತೆ, ಸ್ವಲ್ಪ ಮೊಂಡು. ಅದರ ಬೆಸುಗೆ ಚೆನ್ನಾಗಿ ಕೂತಿದ್ದರೂ ಮಂಕಾಗಿಯೇ ಕಾಣುತ್ತೆ; ಹೊಳಪಿಲ್ಲ ಅಂತ ಅಂಕ ಕಳೀಬೇಡಿ.