‘ತಂದೆ’ ಎಂಬ ಶಬ್ದ

“ಮನೆಗೆ ಬೇಕಾದುದನ್ನೆಲ್ಲ ತಂದುಕೊಡುವವನೇ ತಂದೆ” ಎಂಬ ವಾಕ್ಯವನ್ನು ನಮ್ಮ ವಿದ್ಯಾರ್ಥಿಗಳ ನಿಬಂಧಗಳಲ್ಲಿ ನಾವು ವರ್ಷಕ್ಕೊಮ್ಮೆಯಾದರೂ ಓದುತ್ತೇವೆ. ಕೇಳುವುದಕ್ಕೇನೋ ಇಂಪಾಗಿದೆ. “ನಾನು ಪುಸ್ತಕವನ್ನು ತಂದೆ” ಎಂಬಲ್ಲಿಯ ಕ್ರಿಯಾಪದಕ್ಕೂ ಈ ನಾಮಪದಕ್ಕೂ ಅಕ್ಷರಗಳು ಒಂದೇ ಆಗಿರುವುದರಿಂದ ಇಂತಹ ಊಹೆ ಹುಟ್ಟಿರಬೇಕು. ಆದರೆ 1982ರ ಜನವರಿಯಲ್ಲಿ ಈ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಆರಂಭವಾದ ತರುವಾಯ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಮನೆ ಸೇರಿದರಷ್ಟೆ. ಅವರನ್ನು ಅವರ ಮಕ್ಕಳು ಏನೆಂದು ಕರೆಯಬೇಕಾಗಿತ್ತು?

ವಿದ್ಯಾರ್ಥಿಮಿತ್ರರೇ, ಶಬ್ದದ ಮೂಲವನ್ನು ಅರಿಯಲು ಸೋದರಭಾಷೆಗಳ ಕಡೆ ನೋಡಬೇಕು. ನಮ್ಮ ‘ತಂದೆ’ಯು ತೆಲುಗಿನಲ್ಲಿ ‘ತಂಡ್ರಿ’, ತಮಿಳಿನಲ್ಲಿ ‘ತಂದೈ’. ತಮಿಳಿನ ‘ಐ’ಕಾರಕ್ಕೆ ನಮ್ಮಲ್ಲಿ ‘ಎ’ಕಾರವಿರುವುದು ಸಾಮಾನ್ಯ: ತಲೈ–ತಲೆ, ಮಲೈ–ಮಲೆ. ಹಳೆಯ ತಮಿಳಿನಲ್ಲಿ ಈ ಶಬ್ದಕ್ಕೆ ಇನ್ನಿಬ್ಬರು ಒಡಹುಟ್ಟಿದವರಿದ್ದರು. ‘ಎಂದೈ’ ಎಂದರೆ ನಮ್ಮ ತಂದೆ, ‘ನುಂದೈ’ ಎಂದರೆ ನಿಮ್ಮ ತಂದೆ, ‘ತಂದೈ’ ಎಂದರೆ ಅವನ ಅಥವಾ ಅವಳ ತಂದೆ. ‘ಕುರುಂತೊಗೈ’ ಎಂಬ ಪ್ರಾಚೀನ ಸಂಕಲನದ ಒಂದು ಪದ್ಯದಲ್ಲಿ ಪ್ರಿಯಕರನು ತನ್ನ ಪ್ರಿಯೆಗೆ ‘ಎಂದೈ’, ‘ನುಂದೈ’ ಎರಡನ್ನೂ ಜೊತೆಯಾಗಿಯೇ ಹೇಳಿ, ಅವರಿಬ್ಬರಿಗೂ ಏನು ನಂಟೆಂದು ಕೇಳುತ್ತಾನೆ.

ಹಾಗಾದರೆ ಮೊದಲಿನ ‘ತಂ’ ಎಂಬುದು ‘ತರು’ ಧಾತುವಲ್ಲ. ‘ತನ್ನ’, ‘ತಮ್ಮ’ ಎಂಬಲ್ಲಿ ಕಾಣುವ ಸರ್ವನಾಮ. ‘ತರು’ವಿನಿಂದ ಹುಟ್ಟಿದ್ದರೆ ‘ಎಂದೈ’, ‘ನುಂದೈ’ಗಳಿಗೆ ಅರ್ಥವೇ ಇರುತ್ತಿರಲಿಲ್ಲ. ತಾಯಿ, ತಮ್ಮ, ತಂಗಿ ಎಂಬ ಶಬ್ದಗಳಲ್ಲಿಯೂ ಇದೇ ‘ತನ್ನ’ತನವು ಅಡಗಿದೆ. ಹಳೆಯ ತಮಿಳಿನಲ್ಲಿ ತನ್ನ ತಾಯಿಯನ್ನು ‘ಯಾಯ್’ ಎಂದೂ ಎದುರಿನವರ ತಾಯಿಯನ್ನು ‘ಞಾಯ್’ ಎಂದೂ ಹೇಳುತ್ತಿದ್ದರು.

ಕನ್ನಡದಲ್ಲಿ ‘ತಂದೆ’ಯೊಂದೇ ಉಳಿದು, ಅದರೊಳಗಿನ ಸರ್ವನಾಮವು ಮರೆತುಹೋಯಿತು. ಆದುದರಿಂದಲೇ ನಾವು ಸಂಕೋಚವಿಲ್ಲದೆ ‘ನನ್ನ ತಂದೆ’ ಎನ್ನುತ್ತೇವೆ. ಮೂಲಾರ್ಥವನ್ನು ಹಿಡಿದರೆ ಅದು ‘ನನ್ನ ಅವನಪ್ಪ’ ಎಂದಂತೆ! ಮನೆಯಲ್ಲಿ ಮಾತ್ರ ಯಾರೂ ‘ತಂದೆ, ಬಾ’ ಎಂದು ಕೂಗುವುದಿಲ್ಲ. ವಚನಕಾರರು ದೇವರನ್ನು ತಂದೆಯೆಂದು ಕರೆದದ್ದುಂಟು. ನಿತ್ಯದ ಬದುಕಿನಲ್ಲಿ ಅದು ಇನ್ನೊಬ್ಬರ ಮುಂದೆ ಹೇಳುವ ಶಬ್ದ. ಕರೆಯುವುದಕ್ಕೆ ‘ಅಪ್ಪ’ ಇದೆ. ಮಾಟುಂಗಾದ ನಿಮ್ಮ ತಮಿಳು ಗೆಳೆಯರ ಮನೆಯಲ್ಲಿಯೂ ‘ಎಂದೈ’ ಈಗ ಕೇಳಿಸದು; ಅವರೂ ‘ಅಪ್ಪಾ’ ಎಂದೇ ಕೂಗುತ್ತಾರೆ.