ಟೈಫಾಯ್ಡ್ ಲಸಿಕೆ: ಸೂಜಿಗಿಂತ ಮೊದಲು ಫ್ರಿಜ್

ಓಮಲೂರಿನ ಆಸುಪಾಸಿನಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದು, ಈಗ ನರ್ಸಿಂಗ್ ಕೆಲಸಕ್ಕೆ ಕಾಲಿಟ್ಟಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ದಿನವೂ ಕೇಳುವ 'ತಡುಪ್ಪೂಸಿ'ಯೇ ನಮ್ಮ ಲಸಿಕೆ. ಚುಚ್ಚುವುದನ್ನು ಕೈ ಬೇಗ ಕಲಿಯುತ್ತದೆ. ಹೊತ್ತು ಹಿಡಿಯುವುದು ಅದಕ್ಕೆ ಮುಂಚಿನ ಕೆಲಸ.

ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ರೋಗಿಯ ಮಲ ಸೇರಿದ ನೀರು, ಆಹಾರದಿಂದ ಹರಡುತ್ತದೆ. ರೋಗಾಣುವಿನ ಹೊರಕವಚದಲ್ಲಿ ಸಕ್ಕರೆಯ ಜಾತಿಯ ಒಂದು ಪದಾರ್ಥವಿದೆ. ಅದೊಂದನ್ನೇ ಕೊಟ್ಟರೆ ಎಳೆಗೂಸಿನ ಮೈ ಸರಿಯಾಗಿ ಗುರುತು ಹಿಡಿಯದು. ಹಾಗಾಗಿ ಹಳೆಯ ಲಸಿಕೆಯನ್ನು ಎರಡು ವರ್ಷ ತುಂಬುವ ಮೊದಲು ಹಾಕುತ್ತಿರಲಿಲ್ಲ. ಆ ಪದಾರ್ಥವನ್ನು ಪ್ರೋಟೀನಿಗೆ ಬೆಸೆದದ್ದೇ ಕಾಂಜುಗೇಟ್ ಲಸಿಕೆ. ಇದನ್ನು ಆರು ತಿಂಗಳಿಗೇ ಹಾಕಬಹುದು. ಹೈದರಾಬಾದಿನ ಭಾರತ್ ಬಯೋಟೆಕ್‌ನ ಇಂಥ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2017ರ ಕೊನೆಗೆ ಮಾನ್ಯತೆ ಕೊಟ್ಟಿತು. ಮರುವರ್ಷವೇ ನವಿ ಮುಂಬಯಿ ಪಾಲಿಕೆ ಅದನ್ನು ಮಕ್ಕಳಿಗೆ ಸಾಮೂಹಿಕವಾಗಿ ಹಾಕಿಸಿತು.

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೇಲಂ ಕಡೆಯ ಬೇಸಿಗೆ ಕಂಡವರು ಬಿಸಿಗೆ ಹೆದರುತ್ತಾರೆ, ಹೆದರಲೇಬೇಕು. ಆದರೆ ಅತಿಯಾದ ತಣ್ಪೂ ಅಷ್ಟೇ ಕೆಡುಕು. ಔಷಧ ಅಂಗಡಿಯಲ್ಲಿ ಕೊಂಡ ಲಸಿಕೆಯನ್ನು ಐಸ್ ತುಂಡುಗಳ ನಡುವೆ ಹುದುಗಿಸಿ ಬಸ್ಸಿನಲ್ಲಿ ತರುವವರಿದ್ದಾರೆ. ಐಸಿಗೆ ತಾಗಿ ಹೆಪ್ಪುಗಟ್ಟಿತೋ, ಅದು ಕೆಲಸಕ್ಕೆ ಬಾರದು. ಕರಗಿದ ಮೇಲೆ ಮೊದಲಿನಂತೆಯೇ ತಿಳಿಯಾಗಿ ಕಾಣಬಹುದು! ಪೆಂಟಾವೇಲೆಂಟ್‌ನಂಥ ಲಸಿಕೆಯಾದರೆ ಅಲುಗಿಸಿ, ಗಸಿ ಬೇಗ ತಳಕ್ಕಿಳಿಯುತ್ತದೆಯೇ ಎಂದು ನೋಡಿ ಪತ್ತೆ ಹಚ್ಚಬಹುದು. ಅದರಲ್ಲಿ ಅಲ್ಯೂಮಿನಿಯಂ ಲವಣವಿದೆ. ಈ ಟೈಫಾಯ್ಡ್ ಲಸಿಕೆಯಲ್ಲಿ ಇಲ್ಲ, ಹಾಗಾಗಿ ಆ ಪರೀಕ್ಷೆ ಇಲ್ಲಿ ನಡೆಯದು. ಸೀಸೆಯ ಮೇಲಿನ ಬಣ್ಣ ಬದಲಾಗುವ ಚೌಕವೂ ಬಿಸಿಯ ಲೆಕ್ಕವನ್ನಷ್ಟೇ ಇಡುತ್ತದೆ. ಹೀಗಾಗಿ ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಲಸಿಕೆ ಒಯ್ಯುವ ಡಬ್ಬಿಗೆ ಹಾಕಬೇಡಿ. ಅದರ ಮೈ ಬೆವರಿ, ಅಲುಗಿಸಿದಾಗ ಒಳಗೆ ನೀರು ಸದ್ದು ಮಾಡುವ ತನಕ ಹೊರಗಿಡಿ. ಫ್ರಿಜ್‌ನ ಉಷ್ಣತೆಯನ್ನು ಬೆಳಿಗ್ಗೆ ಸಂಜೆ ಬರೆದಿಡಿ.

ಇನ್ನು ಸೂಜಿ. ಮೊದಲು ಲಸಿಕೆಯ ಹೆಸರು, ಅವಧಿ ಮುಗಿಯುವ ದಿನ ಓದಿ. ಬ್ಯಾಚ್ ನಂಬರ್ ಬರೆದುಕೊಳ್ಳಿ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿತ್ತೇ ಎಂದು ತಾಯಿಯನ್ನು ಕೇಳಿ. ಮೈ ಸುಡುವ ಜ್ವರವಿದ್ದರೆ ಮುಂದೂಡಿ, ಸಣ್ಣ ನೆಗಡಿಗೆ ಮುಂದೂಡುವುದು ಬೇಡ. ಪ್ರಮಾಣ 0.5 ಎಂ.ಎಲ್., ಸ್ನಾಯುವಿಗೆ: ಕೂಸಿಗೆ ತೊಡೆಯ ಹೊರಮಗ್ಗುಲಿಗೆ, ದೊಡ್ಡವರಿಗೆ ತೋಳಿನ ಮೇಲ್ಭಾಗಕ್ಕೆ. ಪೃಷ್ಠಕ್ಕೆ ಬೇಡ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಕೈಗೆ ಚುಚ್ಚಿಕೊಳ್ಳುವುದು ಆಗಲೇ. ನೇರ ಹಬ್ ಕಟರ್‌ಗೆ ಕೊಡಿ. ಮಗುವನ್ನು ಅರ್ಧ ಗಂಟೆ ಕಣ್ಣೆದುರಿಗೇ ಕೂರಿಸಿ, ಅಡ್ರಿನಲಿನ್ ಕೈಗೆಟುಕುವಂತಿರಲಿ.

ಸೀಸೆ ಹೆಪ್ಪುಗಟ್ಟಿತ್ತೇನೋ ಎಂಬ ಅನುಮಾನ ಬಂದರೆ ಅದನ್ನು ಬೇರೆಯಿಟ್ಟು ಡಾಕ್ಟರಿಗೆ ತಿಳಿಸಿ. ದುಡ್ಡು ಕೊಟ್ಟು ತಂದ ತಾಯಿಯೆದುರು ಲಸಿಕೆ ಕೆಟ್ಟಿರಬಹುದು ಎನ್ನಲು ಬಾಯಿ ಬರುವುದಿಲ್ಲ, ನನಗೆ ಗೊತ್ತು. ಆದರೂ ಹೇಳಿ. ಅದನ್ನು ಮಗುವಿಗೆ ಚುಚ್ಚಬೇಡಿ.